ಪಾಕೋಶನಿಗೆ ಒಬ್ಬ ಸೋದರಮಾವ ಬೇಕಾಗಿದ್ದ

ನಮ್ಮ ಝಾಬಿನೆಕ್‌ನಲ್ಲಿ ಇರುವುದೇ ಹನ್ನೊಂದು ಮನೆ. ಅದರಲ್ಲಿ ಏಳು ಮನೆಯವರು ಸರದಾರರು, ಉಳಿದ ನಾಲ್ಕು ಮನೆಯವರಿಗೆ ಹೊಟ್ಟೆಗೆ ಇದೆ. ನಾನು ಆ ನಾಲ್ಕು ಮನೆಗಳ ಪೈಕಿ, ಬಿಯರ್ ಕಾಯಿಸಿ ಮಾರುವ ಫಾಲ್ಕಾ. ಹುಟ್ಟಿದ್ದೇನೋ ಸರದಾರರ ಮನೆಯಲ್ಲೇ, ಕೊಕ್ಕರೆ ಕುಲದಲ್ಲಿ. ಅಪ್ಪನ ಮನೆಯ ಗೋಡೆಯ ಮೇಲೆ ಕುಲದ ಗುರಾಣಿ ನೇತಾಡುತ್ತಿತ್ತು: ಕೆಂಪು ಬಣ್ಣದ ನಡುವೆ ಬಲಗಾಲ ಮೇಲೆ ನಿಂತ ಬಿಳಿ ಕೊಕ್ಕರೆ. ಗುರಾಣಿಯ ಕೆಳಗೆ ಒಲೆ ಇತ್ತು, ಒಲೆಯ ಮೇಲೆ ಸಾಮಾನ್ಯವಾಗಿ ಏನೂ ಇರುತ್ತಿರಲಿಲ್ಲ. ಹಾಗಾಗಿ ಬಿಯರ್ ಕಾಯಿಸುವವನು ಹೆಣ್ಣು ಕೇಳಿಕೊಂಡು ಬಂದಾಗ ನಾನು ಎರಡು ಸಲ ಯೋಚಿಸಲಿಲ್ಲ. ಕುಲ ಹೋಯಿತು, ಊಟ ಬಂತು. ಈ ವ್ಯಾಪಾರದ ಬಗ್ಗೆ ನನಗೆ ಒಂದು ದಿನವೂ ಬೇಸರ ಆದದ್ದಿಲ್ಲ.

ಹೇಳಬೇಕಾಗಿರುವುದು ನನ್ನ ವಿಷಯವಲ್ಲ, ನನ್ನ ಸೋದರತ್ತೆಯ ಮಗ ಪಾಕೋಶನದು. ಅವನಪ್ಪ ಸಾಯುವಾಗ ಬಿಟ್ಟುಹೋದದ್ದು ಒಂದು ಹೊಲ, ಒಂದು ಕತ್ತಿ, ಕುದುರೆಯನ್ನು ತಿವಿದು ಓಡಿಸಲು ಹಿಮ್ಮಡಿಗೆ ಕಟ್ಟುವ ಒಂದು ಜೊತೆ ಕುದುರೆಮುಳ್ಳು. ಮಕ್ಕಳಿಬ್ಬರೂ ನ್ಯಾಯವಾಗಿ ಹಂಚಿಕೊಂಡರು, ಆಳಿಗೊಂದು ಮುಳ್ಳು. ತಮ್ಮ ತನ್ನ ಪಾಲಿನ ಮುಳ್ಳು ಕಟ್ಟಿಕೊಂಡು ದೊರೆಯ ದಂಡಿನ ಜೊತೆ ಹೋದವನು ತಿರುಗಿ ಬರಲಿಲ್ಲ. ಪಾಕೋಶ ತನ್ನ ಪಾಲಿನದನ್ನು ನಾರಿನ ಚಪ್ಪಲಿಗೆ ಬಿಗಿದುಕೊಂಡು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಸಿವೆಕ್ ಎಂಬ ಮುದಿ ಕುದುರೆಯ ಹಿಂದೆ ನೇಗಿಲು ಹಿಡಿದು ನಡೆಯುತ್ತಿದ್ದ. ನೇಗಿಲಿನ ಹಿಂದೆ ನಡೆಯುವವನಿಗೆ ಕುದುರೆಮುಳ್ಳಿನಿಂದ ಏನು ಪ್ರಯೋಜನ ಎಂದು ಅವನನ್ನು ಯಾರೂ ಕೇಳುವಂತಿರಲಿಲ್ಲ. ನಾನು ಕೇಳಿದ್ದು ಕತ್ತಿಯ ಬಗ್ಗೆ.

"ಅಲ್ಲವೋ, ಉಳುವಾಗ ಆ ಕತ್ತಿ ಅಡ್ಡ ಬರಲ್ವೇನೋ?"

"ಬರುತ್ತೆ ಫಾಲ್ಕಕ್ಕ. ಬರ್ಲಿ ಬಿಡು. ದೊರೆ ಯುದ್ಧಕ್ಕೆ ಕರೆದಾಗ ಮನೆಗೆ ಓಡಿ ಹೋಗಿ ತರೋಕಾಗುತ್ತಾ?"

"ದೊರೆ ಕರೆದು ಇಪ್ಪತ್ತು ವರ್ಷ ಆಯ್ತಲ್ಲೋ, ಮಾರಾಯ."

"ಅದಕ್ಕೇ ಹೇಳ್ತಿರೋದು. ಇನ್ನೇನು, ಕರೀತಾರೆ."

ಊರೂರು ತಿರುಗುವ ಹಾಡುಗಾರರು ನನ್ನ ಬೆಂಚಿನ ಮೇಲೆ ಕೂತು ಹೇಳುತ್ತಿದ್ದ ಸರದಾರರ ಕಥೆಗಳನ್ನೆಲ್ಲ ಊರವರು ಕೇಳಿ ಮರೆಯುತ್ತಿದ್ದರು. ಇವನೊಬ್ಬ ನಂಬಿಬಿಟ್ಟ. ಒಮ್ಮೆ ಪಕ್ಕದ ಮನೆಯವನು ಇವನ ಕೋಳಿ ಕದ್ದ. ಇವನು ಕಥೆಯಲ್ಲಿ ಬರುವ ಹಾಗೆ ದ್ವಂದ್ವಕ್ಕೆ ಕರೆದು ಕೈಗವಸು ಕಳಿಸಿದ. ಕಬ್ಬಿಣದ ಕೈಗವಸು ಎಲ್ಲಿಂದ ಬರಬೇಕು? ಚಳಿಗೆ ಹಾಕಿಕೊಳ್ಳುವ ಉಣ್ಣೆಯದನ್ನೇ ಒಂದು ಕಳಿಸಿದ. ಪಕ್ಕದ ಮನೆಯಾಕೆ ಬೆಚ್ಚಗಿದೆ ಎಂದು ಕೈಗೆ ಹಾಕಿಕೊಂಡು, ಇನ್ನೊಂದು ಯಾವಾಗ ಕಳಿಸುತ್ತೀರಿ ಎಂದು ಕೇಳಿ ಕಳಿಸಿದಳು. ಆ ಚಳಿಗಾಲವೆಲ್ಲ ಪಾಕೋಶ ಒಂದು ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದ. ನಾನು ನಕ್ಕು ನಕ್ಕು ಸುಸ್ತಾಗಿದ್ದೆ.

ಇನ್ನೊಂದು ಹುಚ್ಚು ಅವನಿಗೆ, ಸರದಾರನ ಬಾಯಲ್ಲಿ ಸುಳ್ಳು ಬರಬಾರದು ಎಂಬುದು. ಸಿವೆಕ್‌ನನ್ನು ಮಾರಲು ಮೂರು ಸಲ ಸಂತೆಗೆ ಕರೆದೊಯ್ದ. ಕೊಳ್ಳಲು ಬಂದವರಿಗೆ, "ಸ್ವಾಮಿ, ಇದರ ಎಡಗಣ್ಣು ಕಾಣಲ್ಲ, ಹಿಂಗಾಲು ಮಳೆಗಾಲದಲ್ಲಿ ಹಿಡ್ಕೊಳ್ಳುತ್ತೆ, ಜೊತೆಗೆ ಪಾದ್ರಿಗಳನ್ನ ಕಂಡ್ರೆ ಕಚ್ಚುತ್ತೆ" ಎಂದು ಕೇಳುವ ಮೊದಲೇ ಒಪ್ಪಿಸುತ್ತಿದ್ದ. ಮೂರು ಸಲವೂ ಕುದುರೆ, ಯಜಮಾನ ಇಬ್ಬರೂ ಜೊತೆಯಾಗಿ ಮನೆಗೆ ಬಂದರು. ಅವನ ಹೆಂಡತಿ ತೀರಿಕೊಳ್ಳುವ ಮುಂಚೆ ನನ್ನ ಕೈ ಹಿಡಿದು, "ಫಾಲ್ಕಾ, ಇವರನ್ನ ನೋಡ್ಕೋ, ಇವರಿಗೆ ಲೋಕ ಗೊತ್ತಿಲ್ಲ" ಅಂದಿದ್ದಳು. ಮಗಳು ಸ್ತಾಖ್ನಾ ಆಗ ತೊಟ್ಟಿಲಲ್ಲಿದ್ದಳು.

ಈಗ ಸಾಸಿನನ ವಿಷಯ. ಅವನ ತಾತ ಯಾವುದೋ ಪಟ್ಟಣದಲ್ಲಿ ಉಪ್ಪುಮೀನು ಮಾರುತ್ತಿದ್ದ ಎಂದು ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ಅವನು ನಮ್ಮೂರಿಗೆ ಬಂದು ಹೊಳೆಯ ಆಚೆಗಿನ ಹೊಲಗಳನ್ನು ಕೊಂಡ, ಈಚೆಗಿನ ಗಿರಣಿಯನ್ನು ಕೊಂಡ, ಕೊನೆಗೆ ಚಿತ್ರಗಾರನೊಬ್ಬನನ್ನು ಕರೆಸಿ ಹೆಬ್ಬಾಗಿಲ ಮೇಲೆ ಗುರಾಣಿಯನ್ನೂ ಬರೆಸಿಕೊಂಡ. ಹೋಗಿ ನೋಡುತ್ತೇನೆ, ನಮ್ಮದೇ ಕೊಕ್ಕರೆ! ಎಡಗಾಲ ಮೇಲೆ ನಿಂತಿದೆ. ನಾನು ಉರಿದುಕೊಂಡು ಮನೆಗೆ ಬಂದೆ. ನನ್ನ ಚಿಕ್ಕಪ್ಪ ತ್ರೋಯಾನ, ಕೊಕ್ಕರೆ ಕುಲದಲ್ಲಿ ಉಳಿದಿದ್ದ ಒಬ್ಬನೇ ಗಂಡಸು, ಎಂಬತ್ತು ದಾಟಿದವನು, ನಮ್ಮ ಮನೆಯ ಒಲೆಯ ಪಕ್ಕದಲ್ಲೇ ಬಿದ್ದಿರುತ್ತಿದ್ದ.

"ಚಿಕ್ಕಪ್ಪ, ನಮ್ಮ ಕೊಕ್ಕರೇನ ಕದ್ದಿದಾನೆ ಅವನು! ಹೋಗಿ ಕೇಳೋದಿಲ್ವಾ?"

"ಕೇಳ್ತೀನಿ ಕೇಳ್ತೀನಿ, ಚಳಿ ಕಳೀಲಿ."

ಚಳಿ ಕಳೆಯುವ ಮೊದಲು ಸಾಸಿನನ ಮನೆಯಿಂದ ಒಂದು ಪೀಪಾಯಿ ಹೆರಿಂಗ್ ಮೀನು ಬಂತು. ಚಿಕ್ಕಪ್ಪ ಮುಳ್ಳು ಬಿಡಿಸುತ್ತಾ, "ಕೊಕ್ಕರೆಗೂ ಕಾಲು ನೋಯುತ್ತಮ್ಮಾ, ಬದಲಾಯಿಸಿಕೊಂಡಿರಬಹುದು" ಅಂದ. ಆ ಮೀನನ್ನು ನಾನೂ ತಿಂದೆ, ಸುಳ್ಳು ಯಾಕೆ ಹೇಳಲಿ.

ಸಾಸಿನನ ಹೊಲಕ್ಕೂ ಗಿರಣಿಗೂ ನಡುವೆ ಇದ್ದದ್ದು ಪಾಕೋಶನ ಹೊಲ, ಗಾಡಿ ಹೊಳೆ ದಾಟುವಂಥ ಆಳವಿಲ್ಲದ ಜಾಗವೂ ಅದರಲ್ಲೇ ಇತ್ತು. ಸಾಸಿನನ ಗಾಡಿಗಳು ಧಾನ್ಯ ಹೊತ್ತು ಸುತ್ತು ಬಳಸಿ ಸೇತುವೆ ಮೇಲಿಂದ ಬರಬೇಕಿತ್ತು. ಹೊಲ ಕೊಡು ಎಂದು ಸಾಸಿನ ಕೇಳಿದ, ಪಾಕೋಶ ಕೊಡಲಿಲ್ಲ. ಆ ಹೊಲ ಹಳೆಯ ದೊರೆ ಇವನ ಮುತ್ತಾತನಿಗೆ ಕತ್ತಿಯ ಸೇವೆಗಾಗಿ ಕೊಟ್ಟದ್ದು. ಸರದಾರ ಇರುವವರೆಗೆ ಹೊಲ ಅವನದು, ಸರದಾರ ಅಲ್ಲ ಎಂದಾದರೆ ಅದು ದೊರೆಗೆ ವಾಪಸು, ಅಲ್ಲಿಂದ ಯಾರು ಬೇಡಿದರೆ ಅವರಿಗೆ. ಬೇಡುವವನು ಯಾರು ಎಂದು ಊರಿಗೆಲ್ಲ ಗೊತ್ತಿತ್ತು.

ಮರಿಯಮ್ಮನವರ ಸೊಪ್ಪಿನ ಹಬ್ಬದ ದಿನ ಅದು ನಡೆಯಿತು. ಹೆಂಗಸರೆಲ್ಲ ಸೊಪ್ಪು, ತೆನೆ, ಹೂವಿನ ಕಟ್ಟು ಹಿಡಿದು ಚರ್ಚಿನಲ್ಲಿ ಹಿಂದೆ ನಿಂತಿದ್ದೆವು. ಮುಂದಿನ ಸಾಲಿನಲ್ಲಿ ಸರದಾರರು. ಪಾದ್ರಿ ಸುವಾರ್ತೆ ಓದಲು ಶುರುಮಾಡಿದ ಕೂಡಲೇ ಸರದಾರರು ಕತ್ತಿಯನ್ನು ಒರೆಯಿಂದ ಅರ್ಧ ಎಳೆದು ನಿಲ್ಲಬೇಕು, ಧರ್ಮಕ್ಕಾಗಿ ಹೋರಾಡಲು ಸಿದ್ಧ ಎಂಬುದಕ್ಕೆ. ಪಾಕೋಶನ ಕತ್ತಿ ಎಷ್ಟೋ ವರ್ಷಗಳಿಂದ ತುಕ್ಕು ಹಿಡಿದು ಒರೆಗೆ ಕಚ್ಚಿಕೊಂಡಿತ್ತು. ಪ್ರತಿ ಭಾನುವಾರ ಅವನು ಹಿಡಿಯ ಮೇಲೆ ಕೈ ಇಟ್ಟು ಸುಮ್ಮನೆ ನಿಲ್ಲುತ್ತಿದ್ದ, ಪಾದ್ರಿಯೂ ಸುಮ್ಮನಿರುತ್ತಿದ್ದರು. ಆ ದಿನ ಹಬ್ಬ ಅಂತ ಹುರುಪು ಬಂತೋ ಏನೋ, ಜೋರಾಗಿ ಎಳೆದ. ಕತ್ತಿ, ಒರೆ, ಸೊಂಟದ ಪಟ್ಟಿ ಎಲ್ಲಾ ಒಟ್ಟಿಗೆ ಕಿತ್ತುಕೊಂಡು ಬಂತು, ಷರಾಯಿ ಜಾರಿತು. ಒಂದು ಕೈಯಲ್ಲಿ ಷರಾಯಿ, ಒಂದು ಕೈಯಲ್ಲಿ ಕತ್ತಿ ಹಿಡಿದು ಅವನು ಸುವಾರ್ತೆ ಮುಗಿಯುವವರೆಗೆ ಅಲುಗಾಡದೆ ನಿಂತ. ಬೆಳ್ಳಿಯ ಹಿಡಿಯ ಕತ್ತಿಯನ್ನು ಸಲೀಸಾಗಿ ಎಳೆದು ಪಕ್ಕದಲ್ಲಿ ನಿಂತಿದ್ದ ಸಾಸಿನ ನಗಲಿಲ್ಲ. ಹೊರಗೆ ಬಂದ ಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಕತ್ತಿಗೂ ಗೊತ್ತು ನೋಡ್ರಪ್ಪ, ಹಿಡ್ಕೊಂಡಿರೋನು ಸರದಾರ ಅಲ್ಲ, ಹೊಲದಾಳು ಅಂತ!"

ನಾಲ್ಕು ಜನರೆದುರು ಆ ಮಾತು ಬಂತೆಂದರೆ ಮುಗಿಯಿತು, ಅನ್ನಿಸಿಕೊಂಡವನು ನ್ಯಾಯಸಭೆಯಲ್ಲಿ ತಾನು ಸರದಾರನೆಂದು ಸಾಬೀತು ಮಾಡಬೇಕು. ಅಂದವನು ಏನೂ ಸಾಬೀತು ಮಾಡಬೇಕಿಲ್ಲ, ಅವನಿಗೆ ನಾಲಿಗೆ ಇದ್ದರೆ ಸಾಕು. ಆರು ಜನ ಸಾಕ್ಷಿ ಬೇಕು: ಅಪ್ಪನ ಕುಲದವರು ಇಬ್ಬರು, ಅಪ್ಪನ ತಾಯಿಯ ಕುಲದವರು ಇಬ್ಬರು, ತಾಯಿಯ ಕುಲದವರು ಇಬ್ಬರು. ಆರೂ ಜನ ಶಿಲುಬೆ ಮುಟ್ಟಿ 'ಇವನು ನಮ್ಮ ರಕ್ತ' ಅನ್ನಬೇಕು. ಆಮೇಲೆ ಅವನೂ ಶಿಲುಬೆ ಮುಟ್ಟಿ 'ಈ ಆರು ಜನ ನನ್ನ ರಕ್ತ' ಅನ್ನಬೇಕು. ಸಂತ ಮಿಖಾಯಿಲರ ಹಬ್ಬದ ಮಾರನೆಯ ದಿನ ಕೋಟೆಪೇಟೆಯಲ್ಲಿ ಸಭೆ ಎಂದು ಗೊತ್ತಾಯಿತು. ಇವನು ಸೋತರೆ ಹೊಲ ಹೋಗುತ್ತದೆ, ಇವನು ಸಾಸಿನನ ಹೊಲದಾಳಾಗುತ್ತಾನೆ, ಸ್ತಾಖ್ನಾಳಿಗೆ ಗೊತ್ತಾಗಿದ್ದ ಮದುವೆ ಮುರಿಯುತ್ತದೆ.

ಅಪ್ಪನ ಕುಲದವರು ಇಬ್ಬರು ಬಂದರು. ಸಭೆಗೆ ಒಂದು ವಾರ ಮುಂಚೆಯೇ ಬಂದರು, ನನ್ನ ಅಂಗಡಿಯಲ್ಲೇ ಇಳಿದರು. ಅಂಗಿಯ ಮೇಲೆ ಶಿಲುಬೆ ಹೊಲಿಸಿಕೊಂಡ ಪರದೇಶಿ ಸೈನಿಕರ ಮೇಲಿನ ದೊಡ್ಡ ಯುದ್ಧದಲ್ಲಿ ತಾನು ಹನ್ನೆರಡು ಜನರನ್ನು ಕೆಡವಿದೆ ಎಂದು ಒಬ್ಬ ಹೇಳಿದರೆ, ಇನ್ನೊಬ್ಬ ಹದಿನಾಲ್ಕು ಅಂದ. ಬಟಾಣಿ ಮತ್ತು ಹಂದಿಕೊಬ್ಬು ಖಾಲಿಯಾಗುವ ಹೊತ್ತಿಗೆ ಇಬ್ಬರೂ ಸೇರಿ ಶತ್ರುಸೈನ್ಯವನ್ನೇ ಮುಗಿಸಿದ್ದರು. ಅಜ್ಜಿಯ ಕುಲದವರು ಅಣ್ಣತಮ್ಮಂದಿರು. ಒಂದು ಪೇರ್ ಹಣ್ಣಿನ ಮರದ ಜಗಳದಿಂದ ಹನ್ನೊಂದು ವರ್ಷ ಮಾತು ಬಿಟ್ಟವರು, ಪರಸ್ಪರ ಮುಖ ನೋಡದೆ ಆಣೆ ಹಾಕುವುದಾದರೆ ಸರಿ ಎಂದು ಒಪ್ಪಿದರು. ತಾಯಿಯ ಕುಲದಿಂದ ತ್ರೋಯಾನ ಚಿಕ್ಕಪ್ಪ. ಅಲ್ಲಿಗೆ ಐದು. ಕೊಕ್ಕರೆ ಕುಲದಲ್ಲಿ ಇನ್ನೊಬ್ಬ ಗಂಡಸು ಭೂಮಿಯ ಮೇಲೆ ಇರಲಿಲ್ಲ.

ನಾನು ಕೋಟೆಪೇಟೆಗೆ ಹೋಗಿ ಸಭೆಯ ಬರಹಗಾರನನ್ನು ಕೇಳಿದೆ. "ನಾನಿದೀನಲ್ಲ ಸ್ವಾಮಿ. ಇವನ ತಾಯಿ ನನ್ನ ಸ್ವಂತ ಅತ್ತೆ. ಅವಳ ಮದುವೆ ನೆನಪಿದೆ, ಇವನು ಹುಟ್ಟಿದಾಗ ನೀರು ಕಾಯಿಸಿದೋಳು ನಾನು."

ಅವನು ತಲೆ ಎತ್ತದೆ, "ಹೆಂಗಸಿನ ಆಣೆ ನಡೆಯಲ್ಲಮ್ಮ. ಅದ್ರಲ್ಲೂ ಬಿಯರ್ ಮಾರೋಳದ್ದು" ಅಂದ.

ಆ ಹುಟ್ಟನ್ನು ಕಣ್ಣಾರೆ ಕಂಡವಳು ನಾನೊಬ್ಬಳು, ಲೆಕ್ಕಕ್ಕಿಲ್ಲದವಳೂ ನಾನೊಬ್ಬಳು. ಎಂಥ ಸಿಟ್ಟು ಬಂತೆಂದರೆ ದಾರಿಯುದ್ದಕ್ಕೂ ಬೈದುಕೊಂಡೇ ಬಂದೆ. ಊರಿನ ಹತ್ತಿರ ಬಂದಾಗ ಸಾಸಿನನ ಹೆಬ್ಬಾಗಿಲ ಮೇಲಿನ ಕೊಕ್ಕರೆ ಕಣ್ಣಿಗೆ ಬಿತ್ತು. ಅಲ್ಲೇ ನಿಂತುಬಿಟ್ಟೆ. ಆರನೆಯವನು ಇಲ್ಲೇ ಇದ್ದಾನಲ್ಲ!

ಪಾಕೋಶ ಅಂಗಡಿಯಲ್ಲೇ ಕೂತಿದ್ದ. ಬಾಗಿಲು ಹಾಕಿ ಹೇಳಿದೆ. "ನೋಡು, ಸಾಸಿನ ಕೊಕ್ಕರೆ ಕುಲದವನು ಅಂತ ಅವನೇ ಹೇಳ್ಕೊಳ್ತಾನೆ. ಹಾಗಿದ್ರೆ ನಿನಗೆ ಸೋದರಮಾವ ಆಗ್ಬೇಕು. ಸಭೆಯಲ್ಲಿ ಅವನನ್ನೇ ಸಾಕ್ಷಿಗೆ ಕರಿ. ಹೌದು ಅಂದ್ರೆ ನೀನು ಗೆದ್ದೆ. ಇಲ್ಲ ಅಂದ್ರೆ, ಕುಲದ ಹಿರಿಯ ಚಿಕ್ಕಪ್ಪ ಎದ್ದು, ಹಾಗಾದ್ರೆ ನೀನು ನಮ್ಮವನಲ್ಲ, ನಿನ್ನ ಆರು ಜನರನ್ನ ತೋರಿಸು ಅಂತಾನೆ. ಅವನು ಎಲ್ಲಿಂದ ತರ್ತಾನೆ? ಉಪ್ಪುಮೀನು ಬಂದು ಸಾಕ್ಷಿ ಹೇಳುತ್ತಾ?"

ನಾನು ಕುಣಿದಾಡುವಷ್ಟು ಖುಷಿಯಲ್ಲಿದ್ದೆ. ಅವನು ನಗಲಿಲ್ಲ.

"ಅವನು ನನ್ನ ಮಾವ ಅಲ್ವಲ್ಲ, ಅಕ್ಕ."

"ಅಲ್ಲ ಅಂತ ನಂಗೂ ಗೊತ್ತು ಕಣೋ!"

"ಆಮೇಲೆ ನಾನು ಶಿಲುಬೆ ಮುಟ್ಟಿ ಆರು ಜನಾನೂ ನನ್ನ ರಕ್ತ ಅನ್ಬೇಕು."

"ಅನ್ನು. ಒಂದು ಉಸಿರಿನ ಮಾತು."

"ನಾನು ಸರದಾರ ಅಂತ ನಿಜ ಸಾಬೀತು ಮಾಡೋಕೆ ಸುಳ್ಳು ಆಣೆ ಹಾಕ್ಲಾ?"

ನನಗೆ ರೇಗಿತು. "ಆಹಾ, ದೊಡ್ಡ ಸತ್ಯವಂತ! ಕೊಕ್ಕರೆ ಕದ್ದೋನು ಹೆಬ್ಬಾಗಿಲಲ್ಲಿ ಮೆರೀತಾನೆ, ಒಂದು ನರಪಿಳ್ಳೇನೂ ಕೇಳಲ್ಲ. ನಿನ್ನದು ಅಪ್ಪಟ ರಕ್ತ, ನಿನ್ನನ್ನ ಎಲ್ಲರೂ ಕೇಳ್ತಾರೆ. ಸತ್ಯ ಹಿಡ್ಕೊಂಡು ಕೂತ್ಕೋ. ನಾಳೆ ಸ್ತಾಖ್ನಾ ಅವನ ಹಂದಿ ಮೇಯಿಸೋಕೆ ಹೋಗ್ತಾಳಲ್ಲ, ಆಗ ಅವಳಿಗೂ ಒಂದು ಚೂರು ಸತ್ಯ ಬುತ್ತಿ ಕಟ್ಟಿ ಕೊಡು!"

ಮಗಳ ಹೆಸರು ಎತ್ತಬಾರದಿತ್ತು. ಅವನು ಮುಂದಿದ್ದ ಲೋಟವನ್ನು ಕುಡಿಯದೆ ಎದ್ದು ಹೋದ. ಮಾರನೆಯ ದಿನ ಕಮ್ಮಾರನ ಹತ್ತಿರ ಹೋಗಿ ಕತ್ತಿಯ ತುಕ್ಕು ಬಿಡಿಸಿಕೊಂಡು ಬಂದ ಎಂದು ಕೇಳಿ, ಸಭೆಗೆ ಸಿದ್ಧನಾಗುತ್ತಿದ್ದಾನೆ ಎಂದು ನನಗೆ ಸಮಾಧಾನವಾಯಿತು.

ಸಭೆಯ ದಿನ ಜನವೋ ಜನ. ನ್ಯಾಯಾಧಿಕಾರಿ ಹಿಂದಿನ ದಿನ ಸಾಸಿನನ ಮನೆಯಲ್ಲಿ ಉಂಡ ಹೆಬ್ಬಾತು ಇನ್ನೂ ಅರಗದೆ ತೇಗುತ್ತಿದ್ದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಯುದ್ಧವೀರರಿಬ್ಬರು ಬಂದರು, ಪೇರ್ ಮರದ ಅಣ್ಣತಮ್ಮಂದಿರು ಒಬ್ಬರು ಪೂರ್ವಕ್ಕೆ ಒಬ್ಬರು ಪಶ್ಚಿಮಕ್ಕೆ ಮುಖ ಮಾಡಿ ಬಂದರು, ಚಿಕ್ಕಪ್ಪ ಕೋಲೂರಿಕೊಂಡು ಬಂದ.

"ಐದಾಯ್ತು. ಆರನೆಯವನೆಲ್ಲಿ?" ಎಂದರು ನ್ಯಾಯಾಧಿಕಾರಿ.

ಸಾಸಿನ ಮೀಸೆಯ ತುದಿ ತಿರುವಿದ. ಪಾಕೋಶ ಒಮ್ಮೆ ನನ್ನ ಕಡೆ ನೋಡಿದ, ನನ್ನ ಪಕ್ಕದಲ್ಲಿದ್ದ ಸ್ತಾಖ್ನಾಳ ಕಡೆ ನೋಡಿದ.

"ಅಲ್ಲೇ ನಿಂತಿದಾರೆ ಸ್ವಾಮಿ. ಕೊಕ್ಕರೆ ಕುಲದ ಸಾಸಿನ. ನನ್ನ ತಾಯಿ ಕಡೆಯವರು. ನನ್ನ ಸೋದರಮಾವ."

ಸೋದರಮಾವ ಅಳಿಯನಿಗಿಂತ ಹತ್ತು ವರ್ಷ ಚಿಕ್ಕವನು. ಜನ ಬಾಯಿ ಬಿಟ್ಟುಕೊಂಡು ನೋಡಿತು. ಸಾಸಿನನ ಕತ್ತು ಬೀಟ್‌ರೂಟಿನ ಹಾಗೆ ಕೆಂಪಾಯಿತು.

"ಏನು ತಲೆಹರಟೆ ಇದು! ನಾನು ಇವನಿಗೆ..."

"ಸ್ವಲ್ಪ ಇರಪ್ಪ," ಎಂದು ಚಿಕ್ಕಪ್ಪ ಕೋಲು ಎತ್ತಿದ. "ಇವನು ನನ್ನ ಅಕ್ಕನ ಮಗ. ನೀನು ನಮ್ಮ ಕುಲದೋನಾದ್ರೆ ನಿನಗೂ ಅಳಿಯಾನೇ. ಅಲ್ಲ ಅನ್ನೋದಾದ್ರೆ ಈಗಲೇ ಹೇಳ್ಬಿಡು. ನಿನ್ನ ಆರು ಜನರನ್ನ ನಾನು ಕೇಳ್ತೀನಿ. ನೀನು ಕಳಿಸಿದ ಹೆರಿಂಗ್ ಮುಗಿದು ತುಂಬಾ ದಿನ ಆಯ್ತು."

ನ್ಯಾಯಾಧಿಕಾರಿಯ ತೇಗು ನಿಂತಿತು. "ಸಾಸಿನಪ್ಪ, ನೀವು ಕೊಕ್ಕರೆ ಕುಲದವರು ಹೌದೋ ಅಲ್ಲವೋ?"

ಸಾಸಿನ ವ್ಯಾಪಾರಸ್ಥರ ಮನೆಯವನು. ಗುಣಿಸಿ ಭಾಗಿಸಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸಾಕ್ಷಿ ಹೇಳಿದರೆ ಅವನ ಹೆಸರನ್ನು ಕೊಕ್ಕರೆ ಕುಲದವನೆಂದು ಸಭೆಯ ಪುಸ್ತಕದಲ್ಲಿ ಬರೆಯುತ್ತಾರೆ, ಆಮೇಲೆ ಯಾವ ಗಂಡಸೂ ಅವನನ್ನು ಕೇಳುವಂತಿಲ್ಲ. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಅವನ ಮುಖದಲ್ಲಿ ನಗು ಅರಳಿತು.

"ಅಯ್ಯೋ, ಅಳಿಯಾ!" ಎಂದು ಅವನು ಎರಡೂ ಕೈ ಚಾಚಿ ಬಂದು ಪಾಕೋಶನನ್ನು ತಬ್ಬಿಕೊಂಡ. "ಮೊದಲೇ ಹೇಳ್ಬಾರ್ದೇನಯ್ಯಾ? ನಮ್ಮ ಅಕ್ಕನ ಮಗ ಅಂತ ಗೊತ್ತಿದ್ರೆ ನಾನು ಆ ಮಾತು ಆಡ್ತಿದ್ನಾ!"

ಯಾವತ್ತೂ ಕಾಣದ ಅಕ್ಕನನ್ನು ನೆನೆದು ಕಣ್ಣನ್ನೂ ಒರೆಸಿಕೊಂಡ. ಆರು ಜನ ಶಿಲುಬೆ ಮುಟ್ಟಿ ಆಣೆ ಹಾಕಿದರು, ಎಲ್ಲರಿಗಿಂತ ಜೋರಾಗಿ ಕೇಳಿಸಿದ್ದು ಸಾಸಿನನ ದನಿಯೇ.

ಆಮೇಲೆ ಪಾಕೋಶನ ಸರದಿ. ಶಿಲುಬೆಯ ಮೇಲೆ ಕೈ ಇಟ್ಟ. ಹಿಂದಿನಿಂದ ನನಗೆ ಕಾಣುತ್ತಿದ್ದದ್ದು ಅವನ ಬೆನ್ನು, ನಾರಿನ ಚಪ್ಪಲಿ, ಉಜ್ಜಿ ಹೊಳಪು ತಂದ ಆ ಒಂದು ಮುಳ್ಳು. ಹೇಳೋ ಹೇಳೋ ಎಂದು ಮನಸ್ಸಿನಲ್ಲೇ ಅವನನ್ನು ತಳ್ಳುತ್ತಿದ್ದೆ.

"ಈ ಆರು ಜನ ನನ್ನ ರಕ್ತ," ಅಂದ.

"ಕೇಳಿಸ್ಲಿಲ್ಲ. ಜೋರಾಗಿ," ಎಂದರು ನ್ಯಾಯಾಧಿಕಾರಿ.

"ಈ ಆರು ಜನ ನನ್ನ ರಕ್ತ!"

ಒಂದೇ ಸಲ ಸಾಕಾಗಿತ್ತು, ಅವರು ಎರಡು ಸಲ ಹೇಳಿಸಿದರು.

ಆ ಸಂಜೆ ನನ್ನ ಅಂಗಡಿಯಲ್ಲಿ ಕುಡಿತವೋ ಕುಡಿತ. ಅಣ್ಣತಮ್ಮಂದಿರೂ ಅಮಲಿನಲ್ಲಿ ಮಾತಾಡಿದರು, ಮಾತಾಡಿ ಮತ್ತೆ ಜಗಳಕ್ಕೆ ಬಿದ್ದರು. ಸ್ತಾಖ್ನಾಳ ಮದುವೆಗೆ ತಾನೇ ಹಿರಿಯನಾಗಿ ನಿಂತು ಧಾರಾಳವಾಗಿ ನಡೆಸಿಕೊಡುತ್ತೇನೆ ಎಂದು ಸಾಸಿನ ಸಾರಿದ. ಮೂರನೆಯ ದಿನ ಅವನ ಗಾಡಿಗಳು ಪಾಕೋಶನ ಹೊಲದ ನಟ್ಟನಡುವೆ ಗಿರಣಿಗೆ ಹೋಗತೊಡಗಿದವು. ಹೊಸದಾಗಿ ಬಿತ್ತಿದ ರೈ ಧಾನ್ಯದ ಮೇಲೆ ಚಕ್ರದ ಗುರುತು ಬಿದ್ದದ್ದನ್ನು ನೋಡಿ ನಾನು ಓಡಿಹೋಗಿ ಗಾಡಿಗಳಿಗೆ ಅಡ್ಡ ನಿಂತೆ.

"ಯಾರನ್ನ ಕೇಳಿ ಬಂದ್ರಿ?"

ಸಾಸಿನ ಕುದುರೆಯ ಮೇಲಿಂದ ನಕ್ಕ. "ಸೋದರಮಾವ ಅಳಿಯನ ಹೊಲ ದಾಟೋಕೆ ಯಾರನ್ನ ಕೇಳ್ಬೇಕು ಫಾಲ್ಕಮ್ಮ? ನೀನೂ ನನಗೆ ಅಣ್ಣನ ಮಗಳು ಆಗ್ಬೇಕಲ್ವಾ?"

ನಾನು ಪಾಕೋಶನ ಕಡೆ ತಿರುಗಿದೆ. ಅವನು ನೇಗಿಲು ಹಿಡಿದು ಸಿವೆಕ್‌ನ ಹಿಂದೆ ನಿಂತಿದ್ದ. ಸೊಂಟದಲ್ಲಿ ಕತ್ತಿ ಇರಲಿಲ್ಲ.

"ಬಿಡು ಅಕ್ಕ, ಹೋಗ್ಲಿ," ಅಂದ. "ಮಾವ ಅಂದಿದೀನಲ್ಲ."

"ಕತ್ತಿ ಎಲ್ಲೋ? ದೊರೆ ಕರೆದ್ರೆ?"

"ಅವರು ಸರದಾರರನ್ನ ಕರೀತಾರೆ ಬಿಡು."

ನಾನು ಗಾಡಿಗಳಿಗೆ ದಾರಿ ಬಿಟ್ಟೆ.

ಭಾನುವಾರ ಚರ್ಚಿಗೆ ಹೋದೆ. ಮುಂದಿನ ಸಾಲಿನಲ್ಲಿ ಪಾಕೋಶನ ಜಾಗ ಖಾಲಿ ಇತ್ತು, ಅದರ ಪಕ್ಕದಲ್ಲಿ ಸಾಸಿನ. ನಾನು ಎಂದಿನ ಹಾಗೆ ಹಿಂದೆ ಹೊಲದಾಳುಗಳು, ಹೆಂಗಸರ ಜೊತೆ ನಿಂತಿದ್ದೆ. ಪಾಕೋಶ ತಡವಾಗಿ ಬಂದ. ಸೊಂಟ ಬರಿದು, ಚಪ್ಪಲಿಯಲ್ಲಿ ಮುಳ್ಳು ಇಲ್ಲ. ಮುಂದೆ ಹೋಗುತ್ತಾನೆ ಎಂದುಕೊಂಡು ಜನ ದಾರಿ ಬಿಟ್ಟರು, ಅವನು ಹೋಗಲಿಲ್ಲ. ಪಾದ್ರಿ ಸುವಾರ್ತೆ ತೆರೆದರು. ಮುಂದಿನ ಸಾಲಿನಲ್ಲಿ ಕತ್ತಿಗಳು ಅರ್ಧ ಹೊರಬಂದವು, ಎಲ್ಲಕ್ಕಿಂತ ಮೊದಲು ಬೆಳ್ಳಿಯ ಹಿಡಿಯದು. ಹೋಗೋ, ಆ ಜಾಗ ನಿನ್ನದು, ಹುಟ್ಟಿದಾಗ ನಿನ್ನನ್ನು ಎತ್ತಿಕೊಂಡವಳು ನಾನು, ನನಗೆ ಗೊತ್ತು ಎಂದು ಕೂಗಿ ಹೇಳಬೇಕೆನಿಸಿತು. ಆದರೆ ಅವನಿಗೆ ಆ ಸುಳ್ಳು ಹೇಳಿಕೊಟ್ಟವಳೂ ನಾನೇ.

"ಅಕ್ಕ, ಸ್ವಲ್ಪ ಆ ಕಡೆ ಸರಿ," ಎಂದ ಅವನು ಮೆಲ್ಲಗೆ.

ನಾನು ಸರಿದೆ. ಅವನು ನನ್ನ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಿಂತ.